ರಿಸರ್ವ್ಸ್‌ನಲ್ಲಿ ಏಳು ಕೋಟಿ, ಬ್ಯಾಂಕಿನಲ್ಲಿ ಇಪ್ಪತ್ತೆರಡು ಲಕ್ಷ: ಯಂತ್ರ ತಯಾರಕರ ಉಳಿಕೆ ಲಾಭದ ಲೆಕ್ಕ

(ಸಣ್ಣ ಮತ್ತು ಮಧ್ಯಮ ಯಂತ್ರ ತಯಾರಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಲೆಕ್ಕಗಳನ್ನು ಓದುವವರಿಗೆ ಅನುಕೂಲವಾಗುವಂತೆ ಸ್ವಲ್ಪ ಬಿಡಿಸಿ ಬರೆಯಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಆಡಿಟರು ಬ್ಯಾಲೆನ್ಸ್ ಶೀಟ್ ತಂದು ಮೇಜಿನ ಮೇಲಿಟ್ಟಾಗ ಯಂತ್ರ ಕಟ್ಟುವ ಕಂಪನಿಯ ಮಾಲೀಕರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. "ರಿಸರ್ವ್ಸ್ ಅಂಡ್ ಸರ್‌ಪ್ಲಸ್ ಏಳು ಕೋಟಿ ಅಂತ ಬರೆದಿದ್ದೀರಿ. ಬ್ಯಾಂಕಿನಲ್ಲಿ ಇರೋದು ಇಪ್ಪತ್ತೆರಡು ಲಕ್ಷ. ಮಿಕ್ಕಿದ್ದೆಲ್ಲಿ?" ಆಡಿಟರು ನಕ್ಕು "ವ್ಯಾಪಾರದಲ್ಲೇ ಇದೆ ಸಾರ್" ಅನ್ನುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅದನ್ನು ಇಟ್ಟುಕೊಂಡು ಯಾವ ತೀರ್ಮಾನವನ್ನೂ ಮಾಡಲಾಗದು. ವ್ಯಾಪಾರದಲ್ಲಿ ಅಂದರೆ ಶಾಪ್ ಫ್ಲೋರಿನ ಯಾವ ಮೂಲೆಯಲ್ಲಿ, ಯಾವ ಗಿರಾಕಿಯ ಹತ್ತಿರ, ಎಷ್ಟು ದಿನದಿಂದ? ಇವತ್ತು ಅದನ್ನು ಹುಡುಕೋಣ.

ಶುರುವಿನಿಂದ ಈವರೆಗೆ ತೆರಿಗೆ ಕಟ್ಟಿದ ಮೇಲೆ ಉಳಿದ ಲಾಭವನ್ನೆಲ್ಲ ಕೂಡಿಸಿ, ಷೇರುದಾರರಿಗೆ ಕೊಟ್ಟ ಡಿವಿಡೆಂಡನ್ನೂ ನಡುವೆ ಆದ ನಷ್ಟವನ್ನೂ ಕಳೆದರೆ ಬರುವುದೇ ಉಳಿಕೆ ಲಾಭ. ಬ್ಯಾಲೆನ್ಸ್ ಶೀಟಿನಲ್ಲಿ ಇದು ಹೊಣೆಗಳ ಬದಿಗೆ, ಷೇರು ಬಂಡವಾಳದ ಕೆಳಗೆ, ಆ ರಿಸರ್ವ್ಸ್ ಅಂಡ್ ಸರ್‌ಪ್ಲಸ್ ಎಂಬ ಹೆಸರಿನಲ್ಲಿ ಇರುತ್ತದೆ. ಈ ದುಡ್ಡು ಯಾರದು ಎಂದಷ್ಟೇ ಆ ಬದಿ ಹೇಳುತ್ತದೆ. ಅದು ಈಗ ಯಾವ ರೂಪದಲ್ಲಿದೆ ಎಂದು ತಿಳಿಯಲು ಆಸ್ತಿಗಳ ಬದಿಯನ್ನು ನೋಡಬೇಕು. ಎರಡು ಬದಿಗೂ ನಡುವೆ ಒಂದಕ್ಕೊಂದು ಎಳೆದ ದಾರ ಇರುವುದಿಲ್ಲ. ಅದನ್ನು ನಾವೇ ಎಳೆದುಕೊಳ್ಳಬೇಕು.

ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಿ. ಪ್ರೈವೇಟ್ ಲಿಮಿಟೆಡ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಮತ್ತು ಎಸ್‌ಪಿಎಂ, ಅಂದರೆ ಒಬ್ಬ ಗಿರಾಕಿಯ ಒಂದು ಕೆಲಸಕ್ಕೆಂದೇ ಮಾಡಿದ ವಿಶೇಷ ಯಂತ್ರ, ಕಟ್ಟುತ್ತದೆ. ವರ್ಷಕ್ಕೆ 40 ಯಂತ್ರ, ಸರಾಸರಿ 60 ಲಕ್ಷ, ಅಂದರೆ ಜಿಎಸ್‌ಟಿ ಬಿಟ್ಟು 24 ಕೋಟಿ ಮಾರಾಟ. ಷೇರು ಬಂಡವಾಳ 1 ಕೋಟಿ. ವರ್ಷದ ಆರಂಭದಲ್ಲಿ ಉಳಿಕೆ ಲಾಭ 5.40 ಕೋಟಿ. ಈ ವರ್ಷ ತೆರಿಗೆಗೆ ಮುಂಚಿನ ಲಾಭ 2.40 ಕೋಟಿ. 22 ಪರ್ಸೆಂಟ್ ದರ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ 25.168 ಪರ್ಸೆಂಟ್, ಸುಮಾರು 60 ಲಕ್ಷ. ಉಳಿದದ್ದು 1.80 ಕೋಟಿ. ಕೊಟ್ಟ ಡಿವಿಡೆಂಡ್ 20 ಲಕ್ಷ. ಹಾಗಾಗಿ ಮಾರ್ಚ್ 31ಕ್ಕೆ ಉಳಿಕೆ ಲಾಭ 7 ಕೋಟಿ. ಬ್ಯಾಂಕಿನಲ್ಲಿ 22 ಲಕ್ಷ, ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಲ್ಲಿ 3.10 ಕೋಟಿ ಎತ್ತಿದ್ದಾಗಿದೆ.

ಈ ವರ್ಷ ಉಳಿಸಿಕೊಂಡ 1.60 ಕೋಟಿ ಎಲ್ಲಿ ಹೋಯಿತು? ಬಂದ ದುಡ್ಡಿನಿಂದ ಶುರು ಮಾಡಿ. ಲಾಭ 180 ಲಕ್ಷ. ಸವಕಳಿ 70 ಲಕ್ಷ. ಅದು ಖರ್ಚೆಂದು ಬರೆದದ್ದೇ ಹೊರತು ಕೈಬಿಟ್ಟು ಹೋಗಿಲ್ಲ, ವಾಪಸ್ ಕೂಡಿಸಿ. 250 ಆಯಿತು. ಸರಬರಾಜುದಾರರ ಬಾಕಿ 60 ಹೆಚ್ಚಾಗಿದೆ, ಗಿರಾಕಿಗಳ ಮುಂಗಡ 45 ಹೆಚ್ಚಾಗಿದೆ, ಸಿಸಿಯಲ್ಲಿ 70 ಹೆಚ್ಚು ಎತ್ತಿದ್ದೀರಿ, ಬ್ಯಾಂಕಿನಲ್ಲಿದ್ದ 37 ಲಕ್ಷ 22ಕ್ಕೆ ಇಳಿದು 15 ಬಂತು. ಒಟ್ಟು 440 ಲಕ್ಷ. ಈಗ ಹೋದ ದುಡ್ಡು. ದಾಸ್ತಾನು 165 ಏರಿದೆ; ಅದರಲ್ಲಿ ಅರ್ಧ ಕಟ್ಟಿದ ಯಂತ್ರಗಳದ್ದು 110, ಕೊಂಡಿಟ್ಟ ಕಂಟ್ರೋಲರ್, ಬಾಲ್‌ಸ್ಕ್ರೂನಂಥ ಭಾಗಗಳದ್ದು 55. ಗಿರಾಕಿಗಳಿಂದ ಬರಬೇಕಾದದ್ದು 95 ಏರಿದೆ. ಹೊಸ ಗ್ರೈಂಡಿಂಗ್ ಮೆಷಿನ್‌ಗೆ 120. ಟರ್ಮ್ ಲೋನ್ ಕಂತು 40. ಡಿವಿಡೆಂಡ್ 20. ಒಟ್ಟು ಅದೇ 440.

ಇದೇನೂ ಹೊಸ ಲೆಕ್ಕವಲ್ಲ, ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮಾಡುವುದೂ ಇದನ್ನೇ. ಆದರೆ ಕಂಪನಿ ಕಾನೂನು ಸಣ್ಣ ಕಂಪನಿಗಳಿಗೆ ಕ್ಯಾಶ್ ಫ್ಲೋ ಹಾಕುವುದರಿಂದ ವಿನಾಯಿತಿ ಕೊಟ್ಟಿರುವುದರಿಂದ ಎಷ್ಟೋ ಕಡೆ ಅದು ತಯಾರಾಗುವುದೇ ಇಲ್ಲ. ವಿನಾಯಿತಿ ಇದ್ದರೂ ಮಾಡಿಸಿಕೊಳ್ಳಿ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟರೆ ಒಂದು ಮಧ್ಯಾಹ್ನದ ಕೆಲಸ.

ಈ ಲೆಕ್ಕದಲ್ಲಿ 95 ಲಕ್ಷದ ಬಾಕಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಆರ್ಡರಿನ ಜೊತೆ 20–30 ಪರ್ಸೆಂಟ್ ಮುಂಗಡ, ನಮ್ಮ ಶೆಡ್ಡಿನಲ್ಲಿ ಗಿರಾಕಿ ಬಂದು ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಡಿಸ್ಪ್ಯಾಚ್‌ಗೆ ಮುಂಚೆ 60–70, ಗಿರಾಕಿಯ ಜಾಗದಲ್ಲಿ ಯಂತ್ರ ಕೂರಿಸಿ ಓಡಿಸಿ ತೋರಿಸುವ ಕಮಿಷನಿಂಗ್ ಆದ ಮೇಲೆ ಕೊನೆಯ 10. 60 ಲಕ್ಷದ ಯಂತ್ರದಲ್ಲಿ ಆ ಕೊನೆಯ ಹತ್ತು ಅಂದರೆ 6 ಲಕ್ಷ. ಅದೇ ಯಂತ್ರದ ಮೇಲೆ ತೆರಿಗೆ ಕಳೆದು ನಮಗೆ ಉಳಿಯುವುದು ಏಳೂವರೆ ಪರ್ಸೆಂಟ್, ಅಂದರೆ ನಾಲ್ಕೂವರೆ ಲಕ್ಷ. ಕೊನೆಯ ಕಂತು ಬರುವವರೆಗೆ ಆ ಯಂತ್ರದ ಲಾಭ ಪೂರ್ತಿ ಗಿರಾಕಿಯ ಹತ್ತಿರವೇ ಇದೆ, ಜೊತೆಗೆ ನಮ್ಮ ಖರ್ಚಿನ ದುಡ್ಡೂ ಒಂದೂವರೆ ಲಕ್ಷ. ಪುಸ್ತಕದಲ್ಲಿ ಮಾತ್ರ ಅದು ಈಗಾಗಲೇ ಉಳಿಕೆ ಲಾಭಕ್ಕೆ ಸೇರಿಬಿಟ್ಟಿದೆ. 95 ಲಕ್ಷ ಅಂದರೆ ಸುಮಾರು ಹದಿನಾರು ಯಂತ್ರಗಳ ಕೊನೆಯ ಕಂತು.

ಅದು ಸಿಕ್ಕಿಹಾಕಿಕೊಳ್ಳುವ ಕಾರಣಗಳೂ ಗೊತ್ತಿರುವಂಥವೇ. ಗಿರಾಕಿಯ ಕಡೆ ಫೌಂಡೇಶನ್ ಆಗಿಲ್ಲ, ಏರ್ ಲೈನ್ ಬಂದಿಲ್ಲ, ಟ್ರಯಲ್‌ಗೆ ಬೇಕಾದ ಕಾಂಪೊನೆಂಟ್ ಅವರ ಫೌಂಡ್ರಿಯಿಂದ ಬಂದಿಲ್ಲ, ಬಂದರೂ ಮಷಿನಿಂಗ್ ಅಲೋಯನ್ಸ್ ಏರುಪೇರು. ಅಥವಾ ಯಂತ್ರ ಮೂರು ತಿಂಗಳಿಂದ ಮೂರು ಪಾಳಿ ಓಡುತ್ತಿದೆ, ಕಮಿಷನಿಂಗ್ ರಿಪೋರ್ಟಿಗೆ ಸಹಿ ಹಾಕಬೇಕಾದವರು ಮಾತ್ರ ಸಿಗುತ್ತಿಲ್ಲ. ಇದಕ್ಕೆ ಮದ್ದು ಪರ್ಚೇಸ್ ಆರ್ಡರಿನಲ್ಲೇ ಹಾಕಿಸಬೇಕಾದ ಒಂದು ಸಾಲು: ಕೊನೆಯ 10 ಪರ್ಸೆಂಟ್ ಕಮಿಷನಿಂಗ್ ಆದಾಗ ಅಥವಾ ಡಿಸ್ಪ್ಯಾಚ್ ಆಗಿ 60 ದಿನ ಕಳೆದಾಗ, ಯಾವುದು ಮೊದಲೋ ಆಗ, ವಿಳಂಬಕ್ಕೆ ತಯಾರಕರು ಕಾರಣರಲ್ಲದಿದ್ದರೆ. ದೊಡ್ಡ ಗಿರಾಕಿ ಒಪ್ಪದಿದ್ದರೆ ಪರ್ಫಾರ್ಮೆನ್ಸ್ ಬ್ಯಾಂಕ್ ಗ್ಯಾರಂಟಿ ಕೊಟ್ಟು ದುಡ್ಡು ತಗೊಳ್ಳಿ. ಗ್ಯಾರಂಟಿಗೆ ಬ್ಯಾಂಕ್ ಮಾರ್ಜಿನ್ ಕೇಳುತ್ತದೆ, ಒಂದಷ್ಟು ಎಫ್‌ಡಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೂ ಪೂರ್ತಿ 6 ಲಕ್ಷ ಸಿಕ್ಕಿಕೊಳ್ಳುವುದಕ್ಕಿಂತ ವಾಸಿ. ನಿಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾದರೆ, ಲಿಖಿತ ಒಪ್ಪಂದ ಇದ್ದರೂ ಸ್ವೀಕರಿಸಿದ 45 ದಿನದೊಳಗೆ ಕೊಡದ ದುಡ್ಡನ್ನು ಗಿರಾಕಿ ಆ ವರ್ಷ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದ ನಿಯಮ 2024ರ ಏಪ್ರಿಲ್‌ನಿಂದ ಇದೆ. ಇಲ್ಲೊಂದು ಸೂಕ್ಷ್ಮ: ಯಂತ್ರ ಗಿರಾಕಿಗೆ ಬಂಡವಾಳ ವೆಚ್ಚ, ವರ್ಷದ ಖರ್ಚಲ್ಲ. ಹಾಗಾಗಿ ಆ ಚಾಟಿ ಬಿಡಿಭಾಗ, ಸರ್ವಿಸ್, ಟೂಲಿಂಗ್ ಬಿಲ್ಲುಗಳಿಗೆ ತಗಲುವಷ್ಟು ಯಂತ್ರದ ಬಿಲ್ಲಿಗೆ ತಗಲುವುದಿಲ್ಲ. ತಡವಾದದ್ದಕ್ಕೆ ಎಂಎಸ್‌ಎಂಇ ಕಾನೂನಿನ ಬಡ್ಡಿ ಕೇಳುವ ಹಕ್ಕು ಮಾತ್ರ ಎರಡಕ್ಕೂ ಇದೆ. ಗಿರಾಕಿಯನ್ನು ಕಳಕೊಳ್ಳುವ ಭಯಕ್ಕೆ ಕೇಳುವವರು ಕಡಿಮೆ ಎನ್ನುವುದು ಬೇರೆ ಮಾತು.

ಅರ್ಧ ಕಟ್ಟಿದ ಯಂತ್ರದಲ್ಲಿ ಕೂತ ದುಡ್ಡಿಗೂ ಒಂದು ಕ್ರಮವಿದೆ. ಯಂತ್ರದ ತಳವಾದ ಬೆಡ್ಡಿನ ಎರಕ ಬಂದು, ಸ್ಟ್ರೆಸ್ ರಿಲೀವ್ ಆಗಿ, ರಫ್ ಮಷಿನಿಂಗ್, ಫಿನಿಶ್, ಗ್ರೈಂಡಿಂಗ್ ಮುಗಿಯುವವರೆಗೆ ಯಂತ್ರಕ್ಕೆ ಬೀಳುವ ದುಡ್ಡು ಕಡಿಮೆ, ಹಿಡಿಯುವ ಸಮಯ ಹೆಚ್ಚು. ಕಂಟ್ರೋಲರ್, ಸರ್ವೋ, ಸ್ಪಿಂಡಲ್, ಎಲ್‌ಎಂ ಗೈಡ್ ಸೇರಿದ ದಿನದಿಂದ ದುಡ್ಡು ದಿಢೀರನೆ ಏರುತ್ತದೆ. ದುಬಾರಿ ಭಾಗಗಳು ಹೊರದೇಶದಿಂದ ಬರುತ್ತವೆ, ಬರುವುದು ತಡ ಎಂದು ಮೊದಲೇ ತರಿಸಿ ಇಟ್ಟುಕೊಳ್ಳುತ್ತೇವೆ. ಆಮೇಲೆ ಎರಕದಲ್ಲಿ ಗಾಳಿಯ ಪೊಳ್ಳು (ಬ್ಲೋ ಹೋಲ್) ಬಂದು ಬೆಡ್ ರಿಜೆಕ್ಟ್ ಆದರೆ, ಅತಿ ಅಗ್ಗದ ಭಾಗಕ್ಕಾಗಿ ಅತಿ ದುಬಾರಿ ಭಾಗಗಳು ಎರಡು ತಿಂಗಳು ಸ್ಟೋರಿನಲ್ಲಿ ಕಾಯುತ್ತವೆ. ಬೆಡ್ಡಿನ ಫಿನಿಶ್ ಮಷಿನಿಂಗ್ ಶುರುವಾಗುವ ದಿನವನ್ನು ಕಂಟ್ರೋಲರ್ ಬಂದಿಳಿಯುವ ದಿನದೊಂದಿಗೆ ಹೊಂದಿಸುವುದು ಪ್ಲಾನಿಂಗ್ ವಿಭಾಗದ ಕೆಲಸ ಎಂದುಕೊಂಡಿದ್ದೇವೆ. ಉಳಿಕೆ ಲಾಭವನ್ನು ಅದಕ್ಕಿಂತ ಬೇಗ ನಗದಾಗಿಸುವ ಕೆಲಸ ಕಂಪನಿಯಲ್ಲಿ ಇನ್ನೊಂದಿಲ್ಲ.

*

ಎಲ್ಲ ಕೈಗಾರಿಕೆಗೂ ಉಳಿಕೆ ಲಾಭ ಬೇಕು. ಯಂತ್ರ ಕಟ್ಟುವವರಿಗೆ ಹೆಚ್ಚು ಬೇಕು, ಅದಕ್ಕೆ ಕಾರಣ ಗಣಿತದಲ್ಲೇ ಇದೆ. ನಿಮ್ಮ ಗಿರಾಕಿಯ ಹತ್ತಿರ 100 ಲೇತ್ ಇವೆ, ಒಂದೊಂದರ ಬಾಳಿಕೆ 10 ವರ್ಷ ಎಂದುಕೊಳ್ಳಿ. ಅವರ ಮಾಲಿನ ಬೇಡಿಕೆ ಸ್ಥಿರವಾಗಿದ್ದರೆ ವರ್ಷಕ್ಕೆ 10 ಹಳೆಯದು ಹೋಗಿ 10 ಹೊಸದು ಬರುತ್ತದೆ. ಬೇಡಿಕೆ 10 ಪರ್ಸೆಂಟ್ ಏರಿದ ವರ್ಷ 110 ಬೇಕು. ಅವರು ಕೊಳ್ಳುವುದು 20. ಮರುವರ್ಷ ಏರಿಕೆ ನಿಂತರೆ ಸಾಕು, ಇಳಿಯಬೇಕಾಗಿಲ್ಲ, ಮತ್ತೆ ಸುಮಾರು 10ಕ್ಕೆ ಬರುತ್ತಾರೆ, ನಿಮ್ಮ ಆರ್ಡರ್ ಅರ್ಧ. ಬೇಡಿಕೆ 10 ಪರ್ಸೆಂಟ್ ಇಳಿದರೆ ಅವರು ಒಂದೂ ಕೊಳ್ಳುವುದಿಲ್ಲ. ಗಿರಾಕಿಗೆ ಹತ್ತು ಪರ್ಸೆಂಟಿನ ಅಲುಗಾಟ, ನಿಮಗೆ ನೂರು ಪರ್ಸೆಂಟಿನದು. ವಾಹನ ಬಿಡಿಭಾಗದವರನ್ನೇ ನೆಚ್ಚಿದ ಪೀಣ್ಯದ ಯಂತ್ರ ತಯಾರಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಳ್ಳೆಯ ವರ್ಷದ ಲಾಭದಲ್ಲಿ ಒಂದು ಪಾಲು ಕೆಟ್ಟ ವರ್ಷದ ಸಂಬಳ ಎಂದು ತಿಳಿಯಬೇಕು. ಸ್ಕ್ರೇಪಿಂಗ್, ಅಂದರೆ ಮೇಲ್ಮೈಯನ್ನು ಕೈಯಿಂದ ಕೆರೆದು ಸಮ ಮಾಡುವ ಕೆಲಸ, ಬಲ್ಲ ಫಿಟ್ಟರ್‌ನನ್ನು ವ್ಯಾಪಾರ ಮಂದವಾದಾಗ ಕಳಿಸಿಬಿಟ್ಟರೆ ಬೇಡಿಕೆ ಬಂದಾಗ ಅವನು ಸಿಗುವುದಿಲ್ಲ, ಹೊಸಬನನ್ನು ತಯಾರು ಮಾಡಲು ವರ್ಷಗಳೇ ಬೇಕು. ಸಂಬಳ, ಬಾಡಿಗೆ, ಬಡ್ಡಿ, ಕರೆಂಟಿನ ನಿಗದಿತ ಶುಲ್ಕ ಎಲ್ಲ ಸೇರಿ ತಿಂಗಳಿಗೆ 35 ಲಕ್ಷವಾದರೆ ಆರು ತಿಂಗಳಿಗೆ 2.10 ಕೋಟಿ. ಏಳು ಕೋಟಿ ಉಳಿಕೆ ಲಾಭ ಇರುವ ನಮ್ಮ ಕಂಪನಿಯಲ್ಲಿ ಕೈಗೆ ಸಿಗುವ ದುಡ್ಡು ಇಪ್ಪತ್ತು ದಿನದ್ದೂ ಇಲ್ಲ.

"ಸಿಸಿಯಲ್ಲಿ ಇನ್ನೂ 90 ಲಕ್ಷ ಎತ್ತಬಹುದಲ್ಲ" ಎಂಬ ಧೈರ್ಯ ಬೇಡ. ಮಂಜೂರಾದ ಲಿಮಿಟ್ ಬೇರೆ; ದಾಸ್ತಾನು, ಬಾಕಿ ನೋಡಿ ಆ ತಿಂಗಳು ಎತ್ತಲು ಬಿಡುವ ಮೊತ್ತ, ಅಂದರೆ ಡ್ರಾಯಿಂಗ್ ಪವರ್, ಬೇರೆ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಬ್ಯಾಂಕ್ ದಾಸ್ತಾನಿಗೆ ಮಾರ್ಜಿನ್ ಹಿಡಿಯುತ್ತದೆ, ದುಡ್ಡು ಕೊಡದ ಸರಬರಾಜುದಾರರ ಮಾಲನ್ನು ಕಳೆಯುತ್ತದೆ, 90 ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ವ್ಯಾಪಾರ ಮಂದವಾದಾಗ ಹೊಸ ಬಿಲ್ ಇಲ್ಲ, ಹಳೆಯ ಬಾಕಿಗೆ ವಯಸ್ಸಾಗುತ್ತದೆ. ದುಡ್ಡು ಬೇಕಾದ ತಿಂಗಳಲ್ಲೇ ಡ್ರಾಯಿಂಗ್ ಪವರ್ ಕುಸಿಯುತ್ತದೆ.

ಇದೇ ಬೆಂಗಳೂರಿನಲ್ಲಿ ಉಳಿಕೆ ಲಾಭದ ಎರಡೂ ಮುಖ ಕಂಡ ಸಂಸ್ಥೆಯೊಂದಿದೆ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಹುಟ್ಟಿದ ಎಚ್‌ಎಂಟಿ 1961ರಲ್ಲಿ ತನ್ನ ಎರಡನೇ ಯಂತ್ರೋಪಕರಣ ಕಾರ್ಖಾನೆಯನ್ನು ಮೊದಲನೆಯದರ ಗಳಿಕೆಯಿಂದಲೇ ಕಟ್ಟಿತು. ಅದೇ ಸಂಸ್ಥೆಯ ಪುಸ್ತಕದಲ್ಲಿ ಮುಂದಿನ ದಶಕಗಳಲ್ಲಿ ಅದೇ ಸಾಲಿನಲ್ಲಿ ಸಂಚಿತ ನಷ್ಟ ಬಂದು ಕೂತಿತು. ಆ ಸಾಲಿಗೆ ಮೈನಸ್ ಚಿಹ್ನೆಯೂ ಬರಬಹುದು ಎನ್ನುವುದನ್ನು ಕಂಪನಿ ಕಾನೂನಿನ ಮೂರನೇ ಅನುಸೂಚಿಯೇ ಹೇಳಿ ಇಟ್ಟಿದೆ.

*

ಎಷ್ಟು ಉಳಿಸಬೇಕು ಎನ್ನುವುದಕ್ಕಿಂತ ಮೊದಲು, ಉಳಿದದ್ದು ನಿಜವೇ ಎಂದು ನೋಡಬೇಕು. ನಮ್ಮ ಉದ್ಯಮದಲ್ಲಿ ಲಾಭ ಉಬ್ಬುವ ಜಾಗಗಳು ಹೆಚ್ಚುಕಡಿಮೆ ನಿಗದಿಯಾಗಿವೆ.

ಮೊದಲನೆಯದು ಮಾರ್ಚ್ ಕೊನೆಯ ವಾರದ ಲಾರಿ. ಯಂತ್ರ 30ನೇ ತಾರೀಖು ಗೇಟು ದಾಟಿತು, ಬಿಲ್ ಆಯಿತು, ಮಾರಾಟ ಬರೆದಾಯಿತು. ಪ್ರಮಾಣಿತ ಮಾದರಿಯ ಲೇತ್, ಇಳಿಸಿ ಲೆವೆಲ್ ಮಾಡಿ ಕರೆಂಟು ಕೊಟ್ಟರೆ ಓಡುತ್ತದೆ ಎನ್ನುವಂಥದ್ದಾದರೆ ಸರಿ. ಗಿರಾಕಿಯ ಜಾಗದಲ್ಲಿ ಅವರ ಕಾಂಪೊನೆಂಟ್ ಓಡಿಸಿ, ಅಳತೆ ಮತ್ತೆಮತ್ತೆ ಮಿತಿಯೊಳಗೇ ಬರುತ್ತದೆಯೇ ಎಂದು ಹೇಳುವ ಸಿಪಿಕೆ ಸೂಚ್ಯಂಕ 1.67 ತೋರಿಸಿದ ಮೇಲೆಯೇ ಒಪ್ಪಿಗೆ ಎಂದು ಬರೆದುಕೊಂಡ ಎಸ್‌ಪಿಎಂ ಆದರೆ ಸರಿಯಲ್ಲ. ಅಳವಡಿಕೆ ಮತ್ತು ತಪಾಸಣೆ ಒಪ್ಪಂದದ ಮುಖ್ಯ ಭಾಗವಾಗಿದ್ದರೆ ಅದು ಮುಗಿಯುವವರೆಗೆ ಮಾರಾಟ ಬರೆಯಬಾರದು ಎಂಬುದು ಲೆಕ್ಕಪತ್ರ ಮಾನದಂಡ 9ರ ನಿಲುವು. ಐದು ಎಸ್‌ಪಿಎಂ ಹೀಗೆ ಒಳಗೆ ಬಂದರೆ ಮೂರು ಕೋಟಿ ಮಾರಾಟ, ಅದರ ಲಾಭವೂ ಒಂದು ವರ್ಷ ಮುಂಚೆ. ತೆರಿಗೆಯನ್ನೂ ಒಂದು ವರ್ಷ ಮುಂಚೆ ಕಟ್ಟುತ್ತೀರಿ, ಕೈಯಿಂದ.

ಎರಡನೆಯದು ವಾರಂಟಿ. ಕಮಿಷನಿಂಗ್‌ನಿಂದ 12 ತಿಂಗಳು ಅಥವಾ ಡಿಸ್ಪ್ಯಾಚ್‌ನಿಂದ 18 ತಿಂಗಳು ಎಂದು ಕೊಟ್ಟ ಮಾತಿಗೆ ಮಾರಿದ ವರ್ಷವೇ ದುಡ್ಡು ತೆಗೆದಿಡಬೇಕು. ಕಳೆದ ಮೂರು ನಾಲ್ಕು ವರ್ಷದ ಸರ್ವಿಸ್ ರಿಜಿಸ್ಟರ್ ತೆಗೆದು, ವಾರಂಟಿಯಲ್ಲಿ ಬದಲಿಸಿದ ಭಾಗ, ಇಂಜಿನಿಯರ್ ಓಡಾಟ, ವಸತಿ ಎಲ್ಲ ಕೂಡಿಸಿ ಮಾರಾಟಕ್ಕೆ ಭಾಗಿಸಿ. 1.2 ಪರ್ಸೆಂಟ್ ಬಂದರೆ 24 ಕೋಟಿಗೆ ಸುಮಾರು 29 ಲಕ್ಷ. "ತೆರಿಗೆಯವರು ಒಪ್ಪುವುದಿಲ್ಲ" ಎಂದು ಇದನ್ನು ಹಾಕದೆ ಬಿಡುವವರಿದ್ದಾರೆ. ಹಿಂದಿನ ಅನುಭವದ ಆಧಾರದಲ್ಲಿ ಕ್ರಮಬದ್ಧವಾಗಿ ಅಂದಾಜು ಮಾಡಿದ ವಾರಂಟಿ ಮೀಸಲು ಖರ್ಚೇ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಹೇಳಿದೆ. ಅದೂ ನಮ್ಮಂಥದೇ ಕೈಗಾರಿಕೆ, ವಾಲ್ವ್ ಆಕ್ಚುಯೇಟರ್ ತಯಾರಕರು. ರಿಜಿಸ್ಟರ್ ಇಲ್ಲದೆ ಬಾಯಿಮಾತಿನ ಪರ್ಸೆಂಟ್ ಹಾಕಿದರೆ ಮಾತ್ರ ನಿಲ್ಲುವುದಿಲ್ಲ.

ಮೂರನೆಯದು ಸವಕಳಿ. ಯಂತ್ರಗಳಿಗೆ ಕಂಪನಿ ಕಾನೂನಿನ ಎರಡನೇ ಅನುಸೂಚಿ ಸಾಮಾನ್ಯವಾಗಿ 15 ವರ್ಷದ ಬಾಳಿಕೆ ಹೇಳುತ್ತದೆ, ಅದು ಒಂದು ಪಾಳಿಗೆ. ಎರಡು ಪಾಳಿ ಓಡಿದ ಅವಧಿಗೆ ಸವಕಳಿ 50 ಪರ್ಸೆಂಟ್ ಹೆಚ್ಚು, ಮೂರು ಪಾಳಿಗೆ ದುಪ್ಪಟ್ಟು. ನಮ್ಮ 120 ಲಕ್ಷದ ಗ್ರೈಂಡರ್‌ಗೆ 5 ಪರ್ಸೆಂಟ್ ಉಳಿಕೆ ಬೆಲೆ ಬಿಟ್ಟು ಸಮ ಕಂತಿನಲ್ಲಿ ವರ್ಷಕ್ಕೆ 7.6 ಲಕ್ಷ, ವರ್ಷಪೂರ್ತಿ ಎರಡು ಪಾಳಿ ಓಡಿದರೆ 11.4. ಟ್ಯಾಲಿಯಲ್ಲಿ ಒಮ್ಮೆ ಹಾಕಿದ ದರವೇ ವರ್ಷವರ್ಷ ಓಡುತ್ತಿರುತ್ತದೆ, ಶಾಪ್ ಫ್ಲೋರಿನಿಂದ ಪಾಳಿಯ ಮಾಹಿತಿ ಅಕೌಂಟ್ಸ್‌ಗೆ ಹೋಗುವುದೇ ಇಲ್ಲ.

ಸರಿಯಾಗಿ ಸವಕಳಿ ಹಾಕಿದರೂ ಸಾಲದು ಎನ್ನುವುದು ಇನ್ನೊಂದು ಕಷ್ಟ. ಹನ್ನೆರಡು ವರ್ಷದ ಹಿಂದೆ 60 ಲಕ್ಷಕ್ಕೆ ತಂದ ಯಂತ್ರದ ಮೇಲೆ ಸವಕಳಿ ಒಟ್ಟುಗೂಡುವುದು ಆ 60ರ ಮೇಲೆ. ಅದೇ ಕೆಲಸದ ಯಂತ್ರ ಇವತ್ತು 1.10 ಕೋಟಿಯಾಗಿದ್ದರೆ, ನಡುವಿನ 50 ಲಕ್ಷ ಉಳಿಕೆ ಲಾಭದಿಂದಲೇ ಬರಬೇಕು. ಅಷ್ಟರಮಟ್ಟಿಗೆ ಆ ಏಳು ಕೋಟಿ ಈಗಿರುವ ಕಾರ್ಖಾನೆಯನ್ನು ಈಗಿರುವಂತೆಯೇ ಇಟ್ಟುಕೊಳ್ಳುವ ಖರ್ಚು, ಬೆಳೆಯಲು ಇಟ್ಟದ್ದಲ್ಲ. ಬದಲಿಸಬೇಕಾದ ದೊಡ್ಡ ಐದಾರು ಯಂತ್ರಗಳ ಪಟ್ಟಿ, ಪ್ರತಿಯೊಂದರ ಇವತ್ತಿನ ಕೊಟೇಷನ್ ಬೆಲೆ, ಉಳಿದಿರುವ ವರ್ಷ: ಈ ಮೂರು ಕಾಲಮ್ ಡಿವಿಡೆಂಡ್ ಮಾತಾಡುವ ಸಭೆಯಲ್ಲಿ ಮೇಜಿನ ಮೇಲಿರಲಿ.

ನಿಂತುಹೋದ ಮಾದರಿಯ ಪ್ಯಾಟರ್ನ್, ಹಳೆಯ ತಲೆಮಾರಿನ ಕಂಟ್ರೋಲರ್, ರದ್ದಾದ ಆರ್ಡರಿನ ಫಿಕ್ಸ್ಚರ್ ಇವೆಲ್ಲ ಕೊಂಡ ಬೆಲೆಯಲ್ಲೇ ದಾಸ್ತಾನಿನಲ್ಲಿ ಕೂತಿರುತ್ತವೆ; ಕೊಂಡ ಬೆಲೆ ಅಥವಾ ಈಗ ಮಾರಿದರೆ ಸಿಗುವ ಬೆಲೆ, ಯಾವುದು ಕಡಿಮೆಯೋ ಅದನ್ನು ಬರೆಯಿರಿ. ಗ್ರಾಚ್ಯುಟಿಯನ್ನು ಕೊಡುವಾಗ ನೋಡಿಕೊಳ್ಳೋಣ ಎಂದು ಬಿಟ್ಟಿರುವ ಕಂಪನಿಗಳಲ್ಲಿ ಆ ಹೊಣೆಯಷ್ಟು ಉಳಿಕೆ ಲಾಭ ಸುಳ್ಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆ ಅಗಲವಾಗಿದೆ. ಬೇಸಿಕ್ ಕಡಿಮೆ, ಭತ್ಯೆ ಹೆಚ್ಚು ಇಟ್ಟಿದ್ದವರಿಗೆ ಆ ಹೊಣೆ ಇನ್ನೂ ಏರುತ್ತದೆ.

*

ಈಗ ಎಷ್ಟು ಉಳಿಸಬೇಕು ಎಂಬ ಮಾತು. ವರ್ಷದ ಆರಂಭದಲ್ಲಿ ನಮ್ಮ ಕಂಪನಿಯ ಸ್ವಂತ ಬಂಡವಾಳ 6.40 ಕೋಟಿ: ಷೇರು 1, ಉಳಿಕೆ 5.40. ಈ ವರ್ಷ ಉಳಿಸಿದ್ದು 1.60. ಭಾಗಿಸಿದರೆ 25 ಪರ್ಸೆಂಟ್. ಸಾಲ ಮತ್ತು ಸ್ವಂತ ಬಂಡವಾಳದ ಪ್ರಮಾಣ ಈಗಿರುವಂತೆಯೇ ಇರಬೇಕು, ದಾಸ್ತಾನು ಸುತ್ತುವ ವೇಗವೂ ಬದಲಾಗಬಾರದು ಎಂದರೆ ಈ ಕಂಪನಿಯ ಮಾರಾಟ ಮುಂದಿನ ವರ್ಷ ಬೆಳೆಯಬಹುದಾದ ಮಿತಿ ಅದು, 24ರಿಂದ 30 ಕೋಟಿ. ಡಿವಿಡೆಂಡ್ 20ರ ಬದಲು 90 ಲಕ್ಷ ಕೊಟ್ಟಿದ್ದರೆ ಉಳಿಯುತ್ತಿದ್ದುದು 90, ಮಿತಿ 14 ಪರ್ಸೆಂಟಿಗೆ ಇಳಿಯುತ್ತಿತ್ತು. ಅದನ್ನು ಮೀರಿ ಆರ್ಡರ್ ತೆಗೆದುಕೊಂಡರೆ ಏನಾಗುತ್ತದೆ? ಮೊದಲು ಸರಬರಾಜುದಾರರ ದುಡ್ಡು ತಡವಾಗುತ್ತದೆ. ಫೌಂಡ್ರಿಯವರು ನಿಮ್ಮ ಎರಕವನ್ನು ಹಿಂದಕ್ಕೆ ಹಾಕುತ್ತಾರೆ. ಡೆಲಿವರಿ ತಪ್ಪುತ್ತದೆ, ವಾರಕ್ಕೆ ಅರ್ಧ ಪರ್ಸೆಂಟಿನಂತೆ ಎಲ್‌ಡಿ, ಅಂದರೆ ತಡಕ್ಕೆ ಒಪ್ಪಿಕೊಂಡ ದಂಡ, ಕಟ್ ಆಗುತ್ತದೆ. ಆರ್ಡರ್ ಬುಕ್ ತುಂಬಿದ್ದಾಗಲೇ ಕಂಪನಿಗಳು ಮುಗ್ಗರಿಸುವುದು ಹೀಗೆ.

ಬ್ಯಾಂಕಿನವರೂ ಇದನ್ನೇ ಬೇರೆ ದಾರಿಯಲ್ಲಿ ನೋಡುತ್ತಾರೆ. ಸಣ್ಣ ಲಿಮಿಟ್‌ಗಳಿಗೆ ಬಳಸುವ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಲೆಕ್ಕದಲ್ಲಿ ದುಡಿಯುವ ಬಂಡವಾಳ ಮಾರಾಟದ ಕಾಲು ಭಾಗ; ಮಾರಾಟದ 20 ಪರ್ಸೆಂಟ್ ಬ್ಯಾಂಕಿನದು, 5 ನಿಮ್ಮದು. ದುಡ್ಡು ಮೂರು ತಿಂಗಳಿಗೊಮ್ಮೆ ಸುತ್ತುತ್ತದೆ ಎಂಬ ಊಹೆ ಅದರೊಳಗಿದೆ. ನಮ್ಮ ಕಂಪನಿಯ ಚಾಲ್ತಿ ಆಸ್ತಿ 12.50 ಕೋಟಿ, ಆರು ತಿಂಗಳ ಮಾರಾಟಕ್ಕಿಂತ ಹೆಚ್ಚು. ಹಾಗಾಗಿ ನಿಜವಾದ ಆವರ್ತದ ಮೇಲೆ, ರಿಸರ್ವ್ ಬ್ಯಾಂಕಿನದೇ ಟಂಡನ್ ಸಮಿತಿಯ ಎರಡನೇ ವಿಧಾನದಂತೆ ಲೆಕ್ಕ ಹಾಕಲು ಕೇಳಿ: 12.50ರ ಮುಕ್ಕಾಲು ಭಾಗ 9.375, ಅದರಿಂದ ಸರಬರಾಜುದಾರರ ಬಾಕಿ, ಮುಂಗಡ ಮುಂತಾದ 5.60 ಕಳೆದರೆ 3.775 ಕೋಟಿ ಬ್ಯಾಂಕಿನ ಪಾಲು. ಉಳಿದ ಕಾಲು ಭಾಗ, 3.125 ಕೋಟಿ, ದೀರ್ಘಾವಧಿ ಮೂಲದಿಂದ ಬರಬೇಕು. ನಮ್ಮಂಥವರಿಗೆ ಆ ಮೂಲ ಅಂದರೆ ಉಳಿಕೆ ಲಾಭವೇ. ಅಂದರೆ ಏಳರಲ್ಲಿ ಮೂರು ಕೋಟಿಗೂ ಹೆಚ್ಚು ಸಿಸಿ ಸಾಲದ ಅಡಿಪಾಯವಾಗಿ ಕಾಯಂ ಕೂತಿದೆ, ಅದನ್ನು ತೆಗೆದರೆ ಸಾಲವೂ ಹೋಗುತ್ತದೆ. ಒಡಹುಟ್ಟಿದವರ ಇನ್ನೊಂದು ಕಂಪನಿಗೆ ಕೊಟ್ಟ ಸಾಲ, ಆಸ್ತಿಯೆಂದು ಬರೆದ ಪ್ರೊಟೊಟೈಪ್ ಖರ್ಚು ಇವನ್ನು ಬ್ಯಾಂಕ್ ನಿಮ್ಮ ನೆಟ್‌ವರ್ತ್‌ನಿಂದ ಕಳೆದೇ ನೋಡುತ್ತದೆ ಎಂಬುದೂ ನೆನಪಿರಲಿ. ಮಂಜೂರಾತಿ ಪತ್ರದಲ್ಲಿ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಡಿವಿಡೆಂಡ್ ಕೊಡಬಾರದೆಂಬ ಸಾಲು ಇದೆಯೇ ಎಂದು ಇವತ್ತೇ ತೆಗೆದು ನೋಡಿ.

ಜನರಲ್ ರಿಸರ್ವ್ ಬಗ್ಗೆ ಒಂದು ಮಾತು. 1956ರ ಕಂಪನಿ ಕಾನೂನಿದ್ದಾಗ ಇಂತಿಷ್ಟಕ್ಕಿಂತ ಹೆಚ್ಚು ಡಿವಿಡೆಂಡ್ ಕೊಟ್ಟರೆ ಲಾಭದ ಒಂದಂಶವನ್ನು ರಿಸರ್ವ್‌ಗೆ ಹಾಕಲೇಬೇಕಿತ್ತು. 2013ರ ಕಾನೂನಿನಲ್ಲಿ ಅದು ಐಚ್ಛಿಕ. ಆದರೂ ಹಳೆಯ ಅಭ್ಯಾಸಕ್ಕೆ ವರ್ಷಾವರ್ಷ ಹತ್ತು ಪರ್ಸೆಂಟ್ ಹಾಕುವವರಿದ್ದಾರೆ. ಒಂದು ರೂಪಾಯಿಯನ್ನೂ ಅದು ಎಲ್ಲಿಗೂ ಸರಿಸುವುದಿಲ್ಲ, ಹೆಸರು ಮಾತ್ರ ಬದಲು. ತೊಂದರೆ ಬರುವುದು ಲಾಭವಿಲ್ಲದ ವರ್ಷ ಡಿವಿಡೆಂಡ್ ಕೊಡಬೇಕೆಂದಾಗ. ಸರ್‌ಪ್ಲಸ್‌ನಲ್ಲೇ ಬಿಟ್ಟ ಹಿಂದಿನ ವರ್ಷಗಳ ಲಾಭದಿಂದ 123ನೇ ಸೆಕ್ಷನ್ ಪ್ರಕಾರ ನೇರವಾಗಿ ಕೊಡಬಹುದು. ರಿಸರ್ವ್‌ಗೆ ವರ್ಗಾಯಿಸಿದ ದುಡ್ಡಿನಿಂದ ಕೊಡಲು 2014ರ ನಿಯಮಗಳು ಅಡ್ಡ ಬರುತ್ತವೆ: ದರ ಹಿಂದಿನ ಮೂರು ವರ್ಷದ ಸರಾಸರಿ ಮೀರಬಾರದು, ತೆಗೆಯುವ ಮೊತ್ತ ಷೇರು ಬಂಡವಾಳ ಮತ್ತು ಫ್ರೀ ರಿಸರ್ವ್ (ಡಿವಿಡೆಂಡಿಗೆ ಬಳಸಬಹುದಾದ ರಿಸರ್ವ್) ಎರಡೂ ಸೇರಿದ್ದರ ಹತ್ತನೇ ಒಂದಂಶ ದಾಟಬಾರದು, ಅದರಲ್ಲಿ ಮೊದಲು ಆ ವರ್ಷದ ನಷ್ಟ ತುಂಬಬೇಕು, ತೆಗೆದ ಮೇಲೆ ರಿಸರ್ವ್ ಷೇರು ಬಂಡವಾಳದ 15 ಪರ್ಸೆಂಟಿಗಿಂತ ಕೆಳಗಿಳಿಯಬಾರದು. ಯಾರೂ ಕೇಳದಿದ್ದರೂ ನಾವೇ ಹಾಕಿಕೊಂಡ ಬೀಗ.

ಜಮೀನು ಮರುಮೌಲ್ಯ ಮಾಡಿಸಿ ಬಂದ ಏರಿಕೆ ಡಿವಿಡೆಂಡಿಗೂ ಬರುವುದಿಲ್ಲ, ಬೋನಸ್ ಷೇರಿಗೂ ಬರುವುದಿಲ್ಲ. ಇನ್ನು, ಸೆಪ್ಟೆಂಬರ್ ಸಭೆಯಲ್ಲಿ ಘೋಷಿಸಲಿರುವ ಡಿವಿಡೆಂಡ್ ಮಾರ್ಚ್ 31ರ ಶೀಟಿನಲ್ಲಿ ಕಳೆದಿರುವುದಿಲ್ಲ, ಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಸಂಖ್ಯೆ ಓದುವಾಗ ಅದನ್ನು ಮನಸ್ಸಿನಲ್ಲೇ ಕಳೆದುಕೊಳ್ಳಿ.

ಸಭಿಕರ ಪ್ರಶ್ನೆಗಳು

ಒಂದಿಷ್ಟು ಹೆಚ್ಚುವರಿ ದುಡ್ಡು ಕೈಗೆ ಬಂದಿದೆ. ಟರ್ಮ್ ಲೋನ್ ತೀರಿಸಲೋ, ಎಫ್‌ಡಿ ಇಡಲೋ?

ಬಡ್ಡಿಯ ಲೆಕ್ಕವಷ್ಟೇ ಹಾಕಿದರೆ ಸಾಲ ತೀರಿಸುವುದೇ ಲಾಭ. ಆದರೆ ತೀರಿಸಿದ ಟರ್ಮ್ ಲೋನ್ ವ್ಯಾಪಾರ ಮಂದವಾದಾಗ ಮತ್ತೆ ಸಿಗದು. ಸಿಸಿ ಖಾತೆಗೆ ಹಾಕಿದರೆ ಬಡ್ಡಿಯೂ ಉಳಿಯುತ್ತದೆ, ಬೇಕಾದಾಗ ತೆಗೆಯಲೂಬಹುದು. ಡ್ರಾಯಿಂಗ್ ಪವರ್ ಕುಸಿದರೆ ಅಲ್ಲೂ ಸಿಕ್ಕಿಕೊಳ್ಳುತ್ತದೆ. ಕನಿಷ್ಠ ಎರಡು ತಿಂಗಳ ನಿಗದಿತ ಖರ್ಚಿನಷ್ಟನ್ನು ಸಾಲ ಇಲ್ಲದ ಬೇರೆ ಬ್ಯಾಂಕಿನಲ್ಲಿ, ಯಾವ ಗ್ಯಾರಂಟಿಗೂ ಒತ್ತೆಯಿಡದೆ ಎಫ್‌ಡಿ ಮಾಡಿ. ಮಿಕ್ಕದ್ದು ಸಿಸಿಗೆ. ಟರ್ಮ್ ಲೋನ್ ಕೊನೆಯ ಆಯ್ಕೆ.

ನಮ್ಮದು ಪಾರ್ಟ್‌ನರ್‌ಶಿಪ್. ಕಂಪನಿ ಮಾಡಿಕೊಳ್ಳಬೇಕೇ?

ಲಾಭವನ್ನು ಒಳಗೇ ಬಿಡುತ್ತೀರೋ ಮನೆಗೆ ಒಯ್ಯುತ್ತೀರೋ ಎಂಬುದರ ಮೇಲೆ ಹೋಗುತ್ತದೆ. ಫರ್ಮ್ ಮತ್ತು ಷೇರುದಾರರ ಮೇಲಿನ ಸರ್‌ಚಾರ್ಜ್ ಬಿಟ್ಟು, ಕಂಪನಿಯದನ್ನು ಮಾತ್ರ ಸೇರಿಸಿ ನೋಡಿ. ಫರ್ಮ್‌ನಲ್ಲಿ 100 ರೂಪಾಯಿ ಲಾಭಕ್ಕೆ 31.20 ತೆರಿಗೆ, 68.80 ಉಳಿಯುತ್ತದೆ, ಪಾಲುದಾರರು ಒಯ್ದರೆ ಮತ್ತೆ ತೆರಿಗೆಯಿಲ್ಲ. ಕಂಪನಿಯಲ್ಲಿ 25.17 ಹೋಗಿ 74.83 ಉಳಿಯುತ್ತದೆ. ಅದನ್ನು ಒಳಗೇ ಬಿಟ್ಟರೆ ಆರು ರೂಪಾಯಿ ಲಾಭ. ಪೂರ್ತಿ ಡಿವಿಡೆಂಡಾಗಿ 30 ಪರ್ಸೆಂಟ್ ಸ್ಲ್ಯಾಬಿನವರ ಕೈಗೆ ಹೋದರೆ ಇನ್ನೂ 23.35 ತೆರಿಗೆ, ಕೊನೆಗೆ 51.48. ಐದಾರು ವರ್ಷ ಯಂತ್ರಗಳ ಮೇಲೆ ಹಾಕುತ್ತಲೇ ಇರುವವರಿಗೆ ಕಂಪನಿ ಸರಿ. ಫರ್ಮ್‌ನಲ್ಲಿ ಉಳಿಕೆ ಲಾಭವೆಂಬ ಪ್ರತ್ಯೇಕ ಸಾಲಿರುವುದಿಲ್ಲ, ಎಲ್ಲ ಪಾಲುದಾರರ ಬಂಡವಾಳ ಖಾತೆಗೆ ಸೇರುತ್ತದೆ. ಒಬ್ಬರು ಮದುವೆಗೆ, ಮನೆಗೆ ಎಂದು ತೆಗೆದರೆ ತಡೆಯುವವರಿಲ್ಲ. ಒಪ್ಪಂದ ಪತ್ರದಲ್ಲಿ ವರ್ಷದ ಲಾಭದ ಇಷ್ಟು ಭಾಗ ತೆಗೆಯುವಂತಿಲ್ಲ ಎಂದು ಬರೆದುಕೊಳ್ಳಿ.

ಹೊಸ ಶೆಡ್ಡಿಗೆ ತುಮಕೂರು ರಸ್ತೆಯಲ್ಲಿ ಜಾಗ ನೋಡಿದ್ದೇವೆ. ನನ್ನ ಹೆಸರಿನಲ್ಲಿ ಕೊಳ್ಳಲು ಕಂಪನಿಯಿಂದ ಸಾಲವಾಗಿ ತೆಗೆದುಕೊಂಡರೆ? ರಿಸರ್ವ್ ಇದೆಯಲ್ಲ.

ರಿಸರ್ವ್ ಇರುವುದರಿಂದಲೇ ತೊಂದರೆ. ಷೇರುಗಳು ಸಾರ್ವಜನಿಕರ ಕೈಯಲ್ಲಿಲ್ಲದ ಕಂಪನಿ, ಹತ್ತು ಪರ್ಸೆಂಟ್ ಅಥವಾ ಹೆಚ್ಚು ಮತಾಧಿಕಾರ ಇರುವ ಷೇರುದಾರನಿಗೆ ಕೊಟ್ಟ ಸಾಲವನ್ನು ಸಂಚಿತ ಲಾಭದ ಮಟ್ಟಿಗೆ ಡಿವಿಡೆಂಡ್ ಎಂದೇ ಆದಾಯ ತೆರಿಗೆ ಕಾನೂನು ಪರಿಗಣಿಸುತ್ತದೆ. ಅದೇ ವರ್ಷ ಹಿಂದಿರುಗಿಸಿದರೂ ತಪ್ಪುವುದಿಲ್ಲ. ಕಂಪನಿ ಅದರ ಮೇಲೆ 10 ಪರ್ಸೆಂಟ್ ಟಿಡಿಎಸ್ ಹಿಡಿಯಬೇಕಿತ್ತು ಎಂಬ ತಗಾದೆಯೂ ಬರುತ್ತದೆ. ನೀವು ಡೈರೆಕ್ಟರ್ ಆದರೆ, ಡೈರೆಕ್ಟರಿಗೆ ಕೊಡುವ ಸಾಲವನ್ನು ನಿರ್ಬಂಧಿಸುವ ಕಂಪನಿ ಕಾನೂನಿನ 185ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ. ಜಾಗ ಕಂಪನಿಗಾಗಿಯೇ ಆದರೆ ಕಂಪನಿಯ ಹೆಸರಿನಲ್ಲೇ ಕೊಳ್ಳಿ. ಉಳಿಕೆ ಲಾಭ ಕಾರ್ಖಾನೆಯಾಗಿ ಬದಲಾಗುತ್ತದೆ, ತೆರಿಗೆಯಿಲ್ಲ. ದುಡಿಯುವ ಬಂಡವಾಳ ಕರಗದಂತೆ ಜಾಗದ ಬೆಲೆಯ ಬಹುಪಾಲಿಗೆ ಟರ್ಮ್ ಲೋನ್ ತೆಗೆದುಕೊಳ್ಳಿ, ಸಿಸಿಯಿಂದ ಜಾಗ ಕೊಳ್ಳಬೇಡಿ. ನಿಮ್ಮ ಹೆಸರಿನಲ್ಲೇ ಬೇಕೆಂದರೆ ಡಿವಿಡೆಂಡ್ ಘೋಷಿಸಿ, ತೆರಿಗೆ ಕಟ್ಟಿ, ಕೊಂಡು, ಕಂಪನಿಗೆ ಬಾಡಿಗೆಗೆ ಕೊಡಿ. ಬಾಡಿಗೆ ಸುತ್ತಲಿನ ದರಕ್ಕೆ ಸರಿಯಾಗಿರಲಿ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆಯಷ್ಟಿದ್ದರೆ ಯಾರೂ ಕೇಳುವುದಿಲ್ಲ. ಜಾಗದ ಬೆಲೆಯಷ್ಟೇ ಅಡ್ವಾನ್ಸ್ ಬರೆದರೆ ಅದನ್ನೂ ಸಾಲವೆಂದೇ ಓದುತ್ತಾರೆ.